‘ಶಿಲೀಂಧ್ರ’: ಬೀದರ್ ಸೀಮೆಯಲ್ಲಿ ಒಂದು ಶಬ್ದದ ಅರ್ಥ ಮತ್ತು ಬಳಕೆ

ಕಳೆದ ಚಾತುರ್ಮಾಸದಲ್ಲಿ ಬೀದರ್ ನಗರದ ಶ್ರಾವಕರೊಬ್ಬರ ಮನೆಯಲ್ಲಿ ಸಂಜೆಯ ಸ್ವಾಧ್ಯಾಯ ನಡೆದಿತ್ತು. ಅಂದಿನ ವಿಷಯ ಸ್ಥಾವರ ಜೀವಗಳದು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯವೆಂಬ ಐದು ಭೇದಗಳನ್ನು ಹೇಳಿ, ಅಣಬೆ, ಬೂಷ್ಟು ಮೊದಲಾದುವು ವನಸ್ಪತಿಕಾಯದಲ್ಲಿ ಸೇರುತ್ತವೆಂದು ನಾನು ವಿವರಿಸುತ್ತಿದ್ದಾಗ, ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಓದುವ ಹುಡುಗನೊಬ್ಬನು ನಡುವೆ ಕೇಳಿದನು: “ಕಾಕಾ, ಶಿಲೀಂಧ್ರ ಸಸ್ಯ ಅಲ್ಲಂತ ನಮ್ಮ ಪುಸ್ತಕದಾಗ ಅದ. ಗ್ರಂಥದಾಗ ವನಸ್ಪತಿ ಅಂತ ಅದ ಅಂತೀರಿ. ಎರಡರಾಗ ಖರೇದು ಯಾವುದ್ರಿ?”

ಆ ಹೊತ್ತಿಗೆ ನಾನು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ವಿಜ್ಞಾನ ದಿನಕ್ಕೊಂದು ಮಾತು ಹೇಳುತ್ತದೆಯೆಂದು ನುಡಿದು ಮುಂದಿನ ಗಾಥೆಗೆ ಹೋದೆನು. ಸಭೆಯಲ್ಲಿದ್ದ ಹಿರಿಯರು ತಲೆದೂಗಿದರು. ಮನೆಗೆ ಬಂದ ಮೇಲೆ, ಅದು ಉತ್ತರವಲ್ಲ, ಉತ್ತರದಿಂದ ಜಾರಿಕೊಂಡದ್ದು ಎಂದು ಮನಸ್ಸಿಗೆ ಚುಚ್ಚಿತು. ಪುಸ್ತಕವನ್ನು ನಂಬಿ ಕೇಳಿದ ಹುಡುಗನಿಗೆ ಪುಸ್ತಕವನ್ನು ಹೀಗಳೆದು ಉತ್ತರ ಹೇಳುವುದು ಸ್ವಾಧ್ಯಾಯದ ಲಕ್ಷಣವಲ್ಲ. ಅನಂತರ ಕೆಲವು ತಿಂಗಳ ಕಾಲ ಈ ‘ಶಿಲೀಂಧ್ರ’ವೆಂಬ ಶಬ್ದದ ಬೆನ್ನು ಹತ್ತಿದೆನು. ಹುಡುಕುತ್ತ ಹೋದಂತೆ, ಆ ಹುಡುಗನ ಪ್ರಶ್ನೆ ಜೀವದ ವಿಷಯವಾಗುವುದಕ್ಕಿಂತ ಮೊದಲು ಶಬ್ದದ ವಿಷಯವಾಗಿದೆಯೆಂದು ತಿಳಿದು ಬಂತು. ವಾಚಕರ ಮುಂದೆ ಆ ಹುಡುಕಾಟವನ್ನು ಇಡುತ್ತಿದ್ದೇನೆ.

ಮೊದಲು ನಮ್ಮ ಸೀಮೆಯ ಆಡುಮಾತನ್ನು ನೋಡೋಣ. ಬೀದರ್ ನಾಲ್ಕು ಭಾಷೆಗಳು ಕೂಡುವ ನೆಲ. ನಿಜಾಮರ ಕಾಲದ ಬೀದರ್ ಜಿಲ್ಲೆ 1956ರ ನವೆಂಬರ್ 1ರಂದು ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಆಗಿನ ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾ, ಅಹಮದಪುರಗಳು ಆಗಿನ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರ ಪ್ರದೇಶಕ್ಕೂ ಸೇರಿದವು. ಗಡಿಗೆರೆ ಬಿದ್ದರೂ ಸಂತೆ, ಸಂಬಂಧ, ಮಾತು ಇವು ಗೆರೆಯನ್ನು ಲೆಕ್ಕಿಸಲಿಲ್ಲ. ಮೊದಲ ಮಳೆಗೆ ತಿಪ್ಪೆಯ ಮೇಲೆ ಏಳುವ ಆ ಬಿಳಿಯ ಛತ್ರಿಗೆ ಇಲ್ಲಿನ ಕನ್ನಡಿಗರು ಅಣಬೆಯೆಂದೂ ನಾಯಿಕೊಡೆಯೆಂದೂ ಹೇಳುತ್ತಾರೆ. ಭಾಲ್ಕಿ, ಔರಾದ್ ಕಡೆಯ ಮರಾಠಿ ಮಾತಿನವರು ಅಳಂಬಿ ಎನ್ನುತ್ತಾರೆ, ಕುತ್ರ್ಯಾಚಿ ಛತ್ರಿ ಎಂದೂ ಅನ್ನುತ್ತಾರೆ. ತೆಲುಗಿನವರಿಗೆ ಅದು ಪುಟ್ಟಗೊಡುಗು, ಅಂದರೆ ಹುತ್ತದ ಕೊಡೆ. ಅವರಲ್ಲಿಯೂ ಕುಕ್ಕಗೊಡುಗು ಎಂಬ ಇನ್ನೊಂದು ಹೆಸರಿದೆ. ಉರ್ದು ಮಾತಿನಲ್ಲಿ ಖುಂಬಿ, ಇಲ್ಲವೆ ಕುಕುರಮುತ್ತಾ. ನಾಲ್ಕು ಭಾಷೆಗಳಲ್ಲಿಯೂ ನಾಯಿಯೇ ಬಂದು ನಿಂತಿರುವುದನ್ನು ಕಂಡು ನಗು ಬರುತ್ತದೆ. ತಿನ್ನಲು ಬಾರದ, ನಂಬಲು ಬಾರದ ವಸ್ತುವಿಗೆ ನಾಯಿಯ ಹೆಸರಿಡುವುದು ನಮ್ಮ ಜನರ ವಾಡಿಕೆ; ಪಾಪ, ನಾಯಿಯ ತಪ್ಪೇನೂ ಇದರಲ್ಲಿಲ್ಲ.

ರೊಟ್ಟಿಯ ಮೇಲೆ, ಉಪ್ಪಿನಕಾಯಿಯ ಮೇಲೆ, ಮಳೆಗಾಲದ ಚರ್ಮದ ಚಪ್ಪಲಿಯ ಮೇಲೆ ಕೂಡುವ ತುಪ್ಪಟಕ್ಕೆ ಬೇರೆಯದೇ ಹೆಸರುಗಳು. ಕನ್ನಡದಲ್ಲಿ ಬೂಷ್ಟು, ಬೂಸು, ಬೂಜು, ಮರಾಠಿಯಲ್ಲಿ ಬುರಶಿ, ಉರ್ದುವಿನಲ್ಲಿ ಫಫೂಂದಿ. ಇನ್ನು ಹೊಲಕ್ಕೆ ಹೋದರೆ ಮತ್ತೊಂದು ಪಟ್ಟಿಯೇ ಇದೆ. ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿಪುಡಿ ತುಂಬಿದರೆ ಕಾಡಿಗೆ. ಗೋಧಿಯ ಎಲೆಯ ಮೇಲೆ ಅರಿಸಿನದ ಪುಡಿ ಉದುರಿಸಿದಂತಾದರೆ ಭಂಡಾರ. ಹಸುರಾಗಿ ನಿಂತ ತೊಗರಿಯ ಗಿಡ ಹೂಬಿಡುವ ಹೊತ್ತಿಗೆ ನಿಂತಲ್ಲೇ ಒಣಗಿದರೆ ನೆಟೆ. ಇವೆಲ್ಲ ಒಂದೇ ಕುಲದ ಜೀವಿಗಳ ಕೆಲಸವೆಂದು ನಮ್ಮ ಹಿರಿಯ ರೈತರು ಎಣಿಸಿರಲಿಲ್ಲ. ಎಣಿಸುವುದಕ್ಕೆ ಕಾರಣವೂ ಇರಲಿಲ್ಲ. ಅಣಬೆಗೂ ಕಾಡಿಗೆಗೂ ಉಪ್ಪಿನಕಾಯಿಯ ಬೂಷ್ಟಿಗೂ ಇರುವ ನಂಟನ್ನು ಕಾಣಬೇಕಾದರೆ ಸೂಕ್ಷ್ಮದರ್ಶಕ ಬೇಕು. ಆದುದರಿಂದ ಈ ಮೂರನ್ನೂ ಒಳಗೊಳ್ಳುವ ಒಂದು ಶಬ್ದ ಕನ್ನಡದ ಆಡುಮಾತಿನಲ್ಲಿ ಹುಟ್ಟಲಿಲ್ಲ. ‘ಶಿಲೀಂಧ್ರ’ವನ್ನು ಸಂಸ್ಕೃತದಿಂದ ಎರವಲು ತರಬೇಕಾಯಿತು.

ಎರವಲು ತಂದ ಆ ಮಾತಿಗೆ ಸಂಸ್ಕೃತದಲ್ಲಿ ಒಂದೇ ಅರ್ಥವಿರಲಿಲ್ಲ. ಕೋಶಗಳಲ್ಲಿ ಅದಕ್ಕೆ ಬಾಳೆಯ ಹೂವೆಂದೂ, ಒಂದು ಜಾತಿಯ ಮೀನೆಂದೂ, ಒಂದು ಮರವೆಂದೂ, ಅಣಬೆಯೆಂದೂ ಅರ್ಥಗಳಿವೆ. ಕವಿಗಳ ಬಳಕೆಯಲ್ಲಿ ಅದು ಮಳೆಗಾಲದ ಮಾತು. ಕಾಳಿದಾಸನ ‘ಮೇಘದೂತ’ದಲ್ಲಿ ಗುಡುಗಿನ ದನಿಗೆ ನೆಲದಿಂದ ಶಿಲೀಂಧ್ರಗಳು ಮೇಲೇಳುವ ಚಿತ್ರವಿದೆ, ನೆಲ ಬಂಜೆಯಲ್ಲವೆಂಬುದಕ್ಕೆ ಅದು ಗುರುತು. ಅಲ್ಲಿಯ ಶಿಲೀಂಧ್ರವನ್ನು ಮಲ್ಲಿನಾಥನು ಕಂದಳಿಯೆಂದು ವ್ಯಾಖ್ಯಾನಿಸಿದನು. ಅಣಬೆಯೆಂದು ತಿಳಿದವರೂ ಉಂಟು. ಏನೇ ಇರಲಿ, ಆ ಮಾತಿನಲ್ಲಿ ಅಂದು ಹೇಸಿಗೆಯ, ರೋಗದ, ಭಯದ ಸುಳಿವು ಸ್ವಲ್ಪವೂ ಇರಲಿಲ್ಲ.

ಇಲ್ಲಿ ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ, ಎಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡದ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ವೆಂಬ ಕಾವ್ಯವನ್ನು ರಚಿಸಿದರು. ಮೇಘದೂತದ ಪಾದಗಳನ್ನು ಸಮಸ್ಯಾಪೂರಣದ ರೀತಿಯಲ್ಲಿ ತಮ್ಮ ಪದ್ಯಗಳೊಳಗೆ ಹೆಣೆದು, ಇಡೀ ಕಾವ್ಯವನ್ನು ಪಾರ್ಶ್ವನಾಥ ತೀರ್ಥಂಕರರ ಮೇಲಣ ಉಪಸರ್ಗದ ಕಥೆಯಾಗಿ ಅವರು ಮಾರ್ಪಡಿಸಿದರು. ಹೀಗೆ ಕಾಳಿದಾಸನ ಶಿಲೀಂಧ್ರವೂ ಆ ಜೈನ ಕಾವ್ಯದೊಳಗೆ ಬಂದು ಸೇರಿತು. ಕನ್ನಡದ ಪಠ್ಯಪುಸ್ತಕ ಬರೆದವರು ಅದನ್ನು ಅಲ್ಲಿಂದ ತೆಗೆದುಕೊಂಡರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಈ ಶಬ್ದ ನಮ್ಮ ನೆಲಕ್ಕೆ ವಿಜ್ಞಾನದೊಡನೆ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬಷ್ಟನ್ನು ಹೇಳಬಹುದು.

ಕಾವ್ಯದ ಮಾತು ಅದಾದರೆ ಆಚಾರಗ್ರಂಥಗಳ ಮಾತು ಬೇರೆ. ವಟ್ಟಕೇರಾಚಾರ್ಯರದೆಂದು ಪ್ರಸಿದ್ಧವಾದ ‘ಮೂಲಾಚಾರ’ದಲ್ಲಿ ವನಸ್ಪತಿಕಾಯದ ಬಾದರ ಜೀವಗಳನ್ನು ಹೇಳುವಾಗ ಸೇವಾಲ, ಪಣಗ, ಕೆಣ್ಣಗ, ಕವಗ, ಕುಹಣ ಎಂಬ ಸಾಲು ಬರುತ್ತದೆ. ಸೇವಾಲವೆಂದರೆ ನೀರಿನ ಪಾಚಿ. ಪಣಗವೆಂದರೆ ಹಸಿ ನೆಲ, ಇಟ್ಟಿಗೆ ಮೊದಲಾದವುಗಳ ಮೇಲೆ ಹಬ್ಬುವುದು. ಕವಗವೆಂದರೆ ಕವಕ, ಛತ್ರಿಯಾಕಾರದ್ದು. ಕುಹಣವೆಂದರೆ ಅನ್ನ, ಕಾಂಜಿ ಮೊದಲಾದವುಗಳ ಮೇಲೆ ಬರುವ ಹೂವಿನಂತಹುದು. ಶ್ವೇತಾಂಬರ ಪರಂಪರೆಯ ‘ಕಲ್ಪಸೂತ್ರ’ದ ಸಾಮಾಚಾರಿ ಭಾಗದಲ್ಲಿ, ಮಳೆಗಾಲದಲ್ಲಿ ಮುನಿಗಳು ನೋಡಿ ನಡೆಯಬೇಕಾದ ಎಂಟು ಸೂಕ್ಷ್ಮಗಳ ನಡುವೆ ಪಣಗವನ್ನು ಎಣಿಸಿ, ಅದಕ್ಕೆ ಐದು ಬಣ್ಣಗಳನ್ನು ಹೇಳಿ, ತಾನು ಬೆಳೆದ ವಸ್ತುವಿನ ಬಣ್ಣವನ್ನೇ ತಳೆಯುವ ಪಣಗವೂ ಉಂಟೆಂದು ಎಚ್ಚರಿಸಿದೆ. ಈ ಕೊನೆಯ ಮಾತನ್ನು ಓದಿದಾಗ ನಾನು ಬೆರಗಾದೆನು. ಕಣ್ಣಿಟ್ಟು ನೋಡಿದವರಲ್ಲದೆ ಬೇರೆಯವರು ಹಾಗೆ ಬರೆಯಲಾರರು. ಹರ್ಮನ್ ಯಾಕೋಬಿ ಎಂಬ ಜರ್ಮನ್ ವಿದ್ವಾಂಸರು 1884ರಲ್ಲಿ ಈ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಪಣಗಕ್ಕೆ ‘ಮಿಲ್‌ಡ್ಯೂ’, ಅಂದರೆ ಬೂಷ್ಟು, ಎಂಬ ಮಾತನ್ನು ಹಾಕಿದರು.

ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ಪಣಗವೇ ಇಂದಿನ ಶಿಲೀಂಧ್ರ, ನಮ್ಮ ಆಚಾರ್ಯರು ಸೂಕ್ಷ್ಮದರ್ಶಕವಿಲ್ಲದೆಯೇ ಸೂಕ್ಷ್ಮಜೀವಿಶಾಸ್ತ್ರವನ್ನು ಬರೆದಿಟ್ಟರು ಎಂದು ನಮ್ಮ ವ್ಯಾಖ್ಯಾನಗಳಲ್ಲಿ ಆಗಾಗ ಕೇಳುತ್ತೇವೆ. ಇದು ಅವಸರದ ಮಾತು. ಇಟ್ಟಿಗೆಯ ಮೇಲೆ ಹಬ್ಬುವ ಕಪ್ಪು ಹಸುರು ಪದರ ಹೆಚ್ಚಿನ ಪಾಲು ಪಾಚಿಯ ಜಾತಿಯದು. ಪಾಚಿಗೂ ಬೂಷ್ಟಿಗೂ ಇಂದಿನ ವಿಜ್ಞಾನದಲ್ಲಿ ಕುಲಸಂಬಂಧವಿಲ್ಲ. ಮೂಲಾಚಾರದ ಸಾಲಿನಲ್ಲಿ ಎರಡೂ ಒಟ್ಟಿಗೆ ನಿಂತಿವೆ. ಏಕೆಂದರೆ ಆ ಸಾಲನ್ನು ಮಾಡಿದವರ ಪ್ರಶ್ನೆಯೇ ಬೇರೆಯಾಗಿತ್ತು. ಯಾವುದು ಯಾವುದರ ಬಳಗ ಎಂಬುದು ಅವರ ಪ್ರಶ್ನೆಯಲ್ಲ. ಎಲ್ಲಿ ಹೆಜ್ಜೆ ಇಟ್ಟರೆ, ಏನನ್ನು ತಿಂದರೆ, ಕಾಣದ ಎಷ್ಟು ಜೀವಗಳಿಗೆ ಬಾಧೆಯಾದೀತು ಎಂಬುದು. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರತ್ಯೇಕ, ಸಾಧಾರಣವೆಂಬ ಭೇದವನ್ನು ಮಾಡಿದ್ದು ಈ ನೆಲೆಯಿಂದಲೇ. ಅನಂತ ಜೀವಗಳು ಒಂದೇ ಶರೀರದಲ್ಲಿದ್ದು ಆಹಾರವನ್ನೂ ಉಸಿರನ್ನೂ ಒಟ್ಟಿಗೆ ಪಡೆಯುವುದು ಸಾಧಾರಣದ ಲಕ್ಷಣ. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು; ಹೀಗಾಗಿ ಈ ಚರ್ಚೆ ಕನ್ನಡ ಗದ್ಯಕ್ಕೂ ಹೊಸದಲ್ಲ. ಮಳೆಗಾಲದಲ್ಲಿ ಹಿಟ್ಟಿಗೆ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನಗಳ ಮರ್ಯಾದೆಯೆಂದು ನಮ್ಮ ಮನೆಗಳ ಹೆಣ್ಣುಮಕ್ಕಳು ಇಂದಿಗೂ ಪಾಲಿಸುವ ನಿಯಮ ಇದೇ ಎಚ್ಚರದ ಮಗಳು. ತೇವವಿದ್ದಲ್ಲಿ ಬೇಗ, ಒಣಗಿದ್ದಲ್ಲಿ ತಡವಾಗಿ ಎಂಬ ಲೆಕ್ಕ ಅದರಲ್ಲಿದೆ.

ಆ ಸಾಲಿನ ‘ಕವಕ’ವೆಂಬ ಮಾತಿನ ಮೇಲೆ ವಾಚಕರು ಸ್ವಲ್ಪ ಗಮನವಿಡಬೇಕು. ಮನುಸ್ಮೃತಿಯೂ ಬೆಳ್ಳುಳ್ಳಿ, ಈರುಳ್ಳಿಗಳೊಡನೆ ಕವಕವನ್ನು ನಿಷೇಧಿಸಿದೆ. ಅಂದರೆ ಕವಕವು ನಿಷಿದ್ಧ ಆಹಾರದ ಪಟ್ಟಿಯ ಮಾತು, ಶಿಲೀಂಧ್ರವು ಕಾವ್ಯದ ಮಾತು. ಇಪ್ಪತ್ತನೆಯ ಶತಮಾನದಲ್ಲಿ ಭಾರತೀಯ ಭಾಷೆಗಳಲ್ಲಿ ವಿಜ್ಞಾನದ ಪರಿಭಾಷೆ ಬೆಳೆದಾಗ ಹಿಂದಿ, ಮರಾಠಿಗಳು ಕವಕವನ್ನು ಆರಿಸಿಕೊಂಡವು. ಕನ್ನಡ, ತೆಲುಗುಗಳು ಶಿಲೀಂಧ್ರವನ್ನು ಆರಿಸಿಕೊಂಡವು. ಎರಡು ಆಯ್ಕೆಗಳ ಗಡಿ ನಮ್ಮ ಜಿಲ್ಲೆಯ ಮೇಲೆಯೇ ಹಾದು ಹೋಗುತ್ತದೆ. ಔರಾದ್ ತಾಲ್ಲೂಕಿನ ಒಂದೇ ಊರಿನಲ್ಲಿ ಮರಾಠಿ ಶಾಲೆಗೆ ಹೋಗುವ ಮಗು ತನ್ನ ಪುಸ್ತಕದಲ್ಲಿ ಮೂಲಾಚಾರದ ಶಬ್ದವನ್ನು ಓದುತ್ತದೆ, ಕನ್ನಡ ಶಾಲೆಗೆ ಹೋಗುವ ಮಗು ಕಾಳಿದಾಸನ ಶಬ್ದವನ್ನು ಓದುತ್ತದೆ. ಇಬ್ಬರಿಗೂ ಅದು ಗೊತ್ತಿಲ್ಲ. ಅವರ ಗುರುಗಳಿಗೂ ಗೊತ್ತಿರಲಾರದು. ನನಗೂ ಈ ವರ್ಷದವರೆಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಇದೇ ಬಳಗದ್ದು: ‘ಕಿಣ್ವ’. ಕೌಟಿಲ್ಯನ ಅರ್ಥಶಾಸ್ತ್ರದ ಕಾಲದಿಂದ ಅದಕ್ಕೆ ಮದ್ಯವನ್ನು ಹುದುಗಿಸುವ ಹೆಪ್ಪೆಂದು ಅರ್ಥ. ಆ ಹೆಪ್ಪಿನೊಳಗೆ ಕೆಲಸ ಮಾಡುವುದು ಯೀಸ್ಟ್ ಎಂಬ ಜೀವಿ; ಅದೂ ಶಿಲೀಂಧ್ರವೇ. ಕನ್ನಡ ವಿಜ್ಞಾನದಲ್ಲಿ ಇಂದು ಕಿಣ್ವವೆಂದರೆ ಎನ್‌ಜೈಮ್. ಎನ್‌ಜೈಮ್ ಎಂಬ ಗ್ರೀಕ್ ಮೂಲದ ಮಾತಿಗೂ ‘ಯೀಸ್ಟಿನೊಳಗಿನದು’ ಎಂದೇ ಅರ್ಥ. ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧು ಮೂರನ್ನೂ ಔಷಧದಿಂದ ಹೊರಗಿಟ್ಟರು. ಅವರು ದೂರವಿಟ್ಟ ಪಾತ್ರೆಯೊಳಗಿನ ಮಾತು ಇಂದು ನಮ್ಮ ಮಕ್ಕಳ ಜೀರ್ಣಕ್ರಿಯೆಯ ಪಾಠದಲ್ಲಿದೆ. ಶಬ್ದಗಳು ಹೀಗೆ ಮನೆ ಬದಲಾಯಿಸುತ್ತವೆ.

ಶಾಲೆಯ ಮಾತು ಬಂದುದರಿಂದ ಹೇಳುತ್ತೇನೆ. 1948ರವರೆಗೆ ಹೈದರಾಬಾದ್ ಸಂಸ್ಥಾನದ ಶಿಕ್ಷಣದಲ್ಲಿ ಉರ್ದುವಿನದೇ ಮೇಲುಗೈ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನ, ವೈದ್ಯಗಳನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಒಂದು ಭಾಷಾಂತರ ಕೇಂದ್ರವನ್ನೇ ತೆರೆದು ಸಾವಿರಾರು ಪಾರಿಭಾಷಿಕ ಶಬ್ದಗಳನ್ನು ಸೃಷ್ಟಿಸಿದರು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಹೇಳಬಹುದೆಂದು ತೋರಿಸಿಕೊಟ್ಟ ಆ ಸಾಹಸವನ್ನು ಮೆಚ್ಚಲೇಬೇಕು. ಆದರೆ ಅದೇ ಕಾಲದಲ್ಲಿ ಇಲ್ಲಿನ ಕನ್ನಡ ಮಗುವಿಗೆ ತನ್ನ ಭಾಷೆಯ ಶಾಲೆಯೇ ದುರ್ಲಭವಾಗಿತ್ತು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನಮ್ಮ ಕಡೆ ಅರಿಯದವರಿಲ್ಲ. ಆ ದಿನಗಳಲ್ಲಿ ಮೈಸೂರು, ಧಾರವಾಡಗಳ ಕಡೆ ಕನ್ನಡದ ವಿಜ್ಞಾನ ಬರವಣಿಗೆ ಬೆಳೆಯುತ್ತಿತ್ತು. 1946ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದಿತು. ಬೀದರಿಗೆ ಈ ಶಬ್ದಗಳು ಬಂದದ್ದು ಏಕೀಕರಣದ ಅನಂತರ, ಪಠ್ಯಪುಸ್ತಕದೊಳಗೆ, ಸಿದ್ಧವಸ್ತುವಾಗಿ. ಮಕ್ಕಳು ಬಾಯಿಪಾಠ ಮಾಡಿದರು. ಮನೆಯಲ್ಲಿ ಯಾರೂ ಆಡಲಿಲ್ಲ.

ಮಲೆನಾಡಿನ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಕಾಫಿಯ ಎಲೆ ಕಪ್ಪಾಗಿ ಕೊಳೆತು ತೂಗಾಡುವ ಬೇನೆಗೆ ತೋಟದವರು ಕೊಳೆರೋಗವೆಂದು ಹೆಸರಿಟ್ಟಿದ್ದರು. 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ವಿಜ್ಞಾನಿ ಆ ಬೇನೆಯ ಶಿಲೀಂಧ್ರಕ್ಕೆ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಲ್ಯಾಟಿನ್ ನಾಮಕರಣ ಮಾಡಿದರು. 1958ರಲ್ಲಿ ಡೊಂಕ್ ಎಂಬ ಇನ್ನೊಬ್ಬ ವಿದ್ವಾಂಸರು ಕೊಳೆರೋಗವನ್ನೇ ಒಂದು ಕುಲದ ಹೆಸರನ್ನಾಗಿ ಮಾಡಿದರು. ಕನ್ನಡದ ರೈತನ ಮಾತು ಜಗತ್ತಿನ ಸಸ್ಯರೋಗ ಗ್ರಂಥಗಳಲ್ಲಿ ಅಚ್ಚಾಯಿತು. ಅಡಿಕೆಯ ಕೊಳೆರೋಗದ ಮೇಲೆ ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ಹೆಸರನ್ನೇ ಹಿಡಿದು ನಡೆಯಿತು. ವಿನೋದವೇನೆಂದರೆ, ಅಡಿಕೆಯ ಕೊಳೆಗೆ ಕಾರಣವಾದ ಫೈಟೋಫ್ತೊರಾ ಕುಲದ ಜೀವಿ ಇಂದಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರವೇ ಅಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಲಕ್ಷಾಂತರ ಜನರನ್ನು ಹಸಿವಿಗೆ ನೂಕಿದ್ದೂ ಅದೇ ಕುಲದ ಜೀವಿ. ವಿಜ್ಞಾನಿಗಳು ಶಿಲೀಂಧ್ರದ ಬೇಲಿಯನ್ನು ಸರಿಸಿದರು. ಕೊಳೆರೋಗವೆಂಬ ಹಳ್ಳಿಯ ಹೆಸರು ಮಾತ್ರ ಇದ್ದಲ್ಲೇ ಉಳಿಯಿತು.

ಬೇಲ���ಯನ್ನು ಸರಿಸಿದ ಕಥೆಯಲ್ಲಿಯೇ ಆ ಹುಡುಗನ ಪ್ರಶ್ನೆಗೆ ಉತ್ತರದ ಒಂದು ಪಾಲಿದೆ. ಹದಿನೆಂಟನೆಯ ಶತಮಾನದಲ್ಲಿ ಲಿನ್ನೇಯಸ್ ಜಗತ್ತಿನ ಜೀವಗಳನ್ನು ಸಸ್ಯ, ಪ್ರಾಣಿ ಎಂದು ಎರಡು ರಾಜ್ಯಗಳಾಗಿ ಹಂಚಿ, ಅಣಬೆಗಳನ್ನು ಹೂವಿಲ್ಲದ ಸಸ್ಯಗಳ ಕೊನೆಯ ವರ್ಗದಲ್ಲಿ ಸೇರಿಸಿದನು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದೇ ನಡೆಯಿತು; ನಾನು ಶಾಲೆಯಲ್ಲಿ ಓದಿದ್ದೂ ಅದನ್ನೇ. 1969ರಲ್ಲಿ ಅಮೆರಿಕದ ಆರ್. ಎಚ್. ವಿಟೇಕರ್ ಅವರು ಐದು ರಾಜ್ಯಗಳ ವರ್ಗೀಕರಣವನ್ನು ಮುಂದಿಟ್ಟು ಶಿಲೀಂಧ್ರಗಳಿಗೆ ಪ್ರತ್ಯೇಕ ರಾಜ್ಯವನ್ನು ಕೊಟ್ಟರು. ಅವುಗಳಲ್ಲಿ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಅನ್ನ ಮಾಡಿಕೊಳ್ಳಲಾರವು, ಜೀರ್ಣರಸವನ್ನು ಹೊರಗೆ ಬಿಟ್ಟು, ಕರಗಿದುದನ್ನು ಹೀರಿಕೊಳ್ಳುತ್ತವೆ, ಅವುಗಳ ಕೋಶಭಿತ್ತಿ ಕೈಟಿನ್ನಿನದು, ಕೀಟಗಳ ಹೊರಕವಚದಲ್ಲಿರುವ ವಸ್ತು ಅದೇ. 1990ರ ದಶಕದಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ಬಳಗವೆಂದು ಕಂಡುಬಂತು.

ಹಾಗಾದರೆ ಗ್ರಂಥದ ಮಾತು ಸುಳ್ಳಾಯಿತೆ? ನನಗೆ ಹಾಗೆ ತೋರುವುದಿಲ್ಲ. ಗ್ರಂಥವನ್ನು ಉಳಿಸಬೇಕೆಂಬ ಹಟದಿಂದಲೂ ಈ ಮಾತನ್ನು ಹೇಳುತ್ತಿಲ್ಲ. ಸಸ್ಯ, ವನಸ್ಪತಿ ಈ ಎರಡು ಮಾತುಗಳನ್ನು ಒಂದೇ ಎಂದು ತಿಳಿದುದರಿಂದ ವಿರೋಧ ಹುಟ್ಟಿತು. ವಿಜ್ಞಾನದ ಸಸ್ಯವೆಂಬುದು ವಂಶದ ಹೆಸರು. ಆಗಮದ ವನಸ್ಪತಿಕಾಯವೆಂಬುದು ಇಂದ್ರಿಯಗಳ ಲೆಕ್ಕದಲ್ಲಿ ಸ್ಪರ್ಶವೊಂದನ್ನೇ ಉಳ್ಳ, ನಿಂತಲ್ಲಿ ಬೆಳೆಯುವ ಜೀವದ ನೆಲೆಯನ್ನು ಹೇಳುವ ಹೆಸರು. ಇಬ್ಬರು ಮೋಜಣಿದಾರರು ಒಂದೇ ಹೊಲವನ್ನು ಅಳೆದು, ಒಬ್ಬನು ಮಾಲೀಕರ ಹೆಸರಿನಿಂದಲೂ ಇನ್ನೊಬ್ಬನು ಮಣ್ಣಿನ ಬಣ್ಣದಿಂದಲೂ ವಿಂಗಡಿಸಿದರೆ ನಕ್ಷೆಗಳು ಬೇರೆಯಾಗುತ್ತವೆ. ಹೀಗೆಂದು ಹೇಳಿ ನಾವು ಜಾಣತನದಿಂದ ತಪ್ಪಿಸಿಕೊಳ್ಳಲೂಬಾರದು. ಬೂಷ್ಟು ಸಸ್ಯದ ವಂಶದ್ದು ಎಂದು ಇಂದು ಯಾರಾದರೂ ಉಪದೇಶದಲ್ಲಿ ಹೇಳಿದರೆ ಅದು ತಪ್ಪೆಂದು ಒಪ್ಪಿಕೊಳ್ಳಬೇಕು.

ಶಬ್ದದ ಈ ಗೊಂದಲ ಸ್ವಾಧ್ಯಾಯದ ಮನೆಯಲ್ಲಿ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊಲದಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ತೊಗರಿಯ ನೆಟೆಗೆ ಕಾರಣ ಫ್ಯುಸೇರಿಯಂ ಉಡಂ ಎಂಬ ಮಣ್ಣಿನ ಶಿಲೀಂಧ್ರ. ಬಿಹಾರದ ಪೂಸಾದಲ್ಲಿದ್ದ ಇ. ಜೆ. ಬಟ್ಲರ್ ಅವರು 1910ರಲ್ಲಿ ಅದನ್ನು ಹೆಸರಿಸಿದರು. ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಬೆಳೆ ತೆಗೆದ ಮೇಲೆಯೂ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯಿಂದ ನೆಟೆಯನ್ನು ತಡೆಯುವ ‘ಮಾರುತಿ’ ತಳಿ 1986ರಲ್ಲಿ ನಮ್ಮ ರಾಜ್ಯಕ್ಕೆ ಬಂತು. 1993ರಲ್ಲಿ ‘ಆಶಾ’ ಬಂತು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವ ನಮ್ಮ ಹಳೆಯ ರೂಢಿಯಲ್ಲಿ ನೆಟೆ ಕಡಿಮೆಯಾಗುವುದನ್ನೂ ಆ ಸಂಸ್ಥೆಯವರು ಪರೀಕ್ಷೆ ಮಾಡಿ ತೋರಿಸಿದರು. ನೆಟೆಗೆ ಇನ್ನೊಂದು ಉಪಾಯ ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ಆದರೆ ಫ್ಯುಸೇರಿಯಂಗೆ ವೈರಿ; ಕಿಲೋ ಬೀಜಕ್ಕೆ 4 ಗ್ರಾಂ ಸವರಿ ಬಿತ್ತುತ್ತಾರೆ. ಪೊಟ್ಟಣದ ಮೇಲೆ ‘ಜೈವಿಕ ಶಿಲೀಂಧ್ರನಾಶಕ’ ಎಂದು ಅಚ್ಚಾಗಿರುತ್ತದೆ. ಭಾಲ್ಕಿ ತಾಲ್ಲೂಕಿನ ನನ್ನ ಬಂಧುಗಳೊಬ್ಬರು ಅದನ್ನು ಕೊಂಡು, ಎರಡೂ ನಾಶಕಗಳೇ ಆದುದರಿಂದ ಕೂಡಿಸಿದರೆ ಬಲ ಹೆಚ್ಚೀತೆಂದು, ಅಂಗಡಿಯಲ್ಲಿ ಕೊಟ್ಟ ರಾಸಾಯನಿಕ ಶಿಲೀಂಧ್ರನಾಶಕವನ್ನೂ ಅದರೊಡನೆಯೇ ಬೀಜಕ್ಕೆ ಹಚ್ಚಿದರು. ರಾಸಾಯನಿಕವು ಮೊದಲು ಕೊಂದದ್ದು ಟ್ರೈಕೋಡರ್ಮಾವನ್ನು. ಅವರು ಓದು ಬಾರದವರಲ್ಲ. ಪೊಟ್ಟಣವನ್ನು ಎರಡು ಸಲ ಓದಿದ್ದರು. ಓದಿದ ಮಾತು ಒಳಗಿನ ವಸ್ತು ಜೀವವುಳ್ಳದ್ದೆಂದು ಅವರಿಗೆ ತಿಳಿಸಲಿಲ್ಲ.

ಮರಾಠಿಯವರು ಇಲ್ಲಿ ನಮಗಿಂತ ವಿವೇಕಿಗಳು. ಪುಸ್ತಕದಲ್ಲಿ ಕವಕವೆಂದರೂ ಹೊಲಕ್ಕೆ ಬಂದಾಗ ಅವರು ‘ಬುರಶಿನಾಶಕ’ವೆನ್ನುತ್ತಾರೆ. ಔರಾದಿನ ಅಂಗಡಿಯಲ್ಲಿ ಅಕ್ಷರ ಬಾರದ ರೈತನೂ ಬುರಶಿಯ ಔಷಧ ಕೊಡಿರೆಂದು ಕೇಳುತ್ತಾನೆ. ಅವನಿಗೆ ತಾನು ಕೇಳುತ್ತಿರುವುದೇನೆಂದು ಗೊತ್ತಿದೆ. ‘ಬೂಷ್ಟುನಾಶಕ’ವೆಂದು ಬರೆದರೆ ಕನ್ನಡದ ಘನತೆಗೆ ಕುಂದು ಬರುವುದಿಲ್ಲ. ಶಾಸ್ತ್ರಕ್ಕೆ ಶಿಲೀಂಧ್ರವಿರಲಿ, ಹೊಲಕ್ಕೆ ಬೂಷ್ಟು ಇರಲಿ.

ಜೋಳದ ವಿಷಯವನ್ನು ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಅದು ನಮ್ಮ ಮನೆಯದೇ. ಔರಾದ್ ತಾಲ್ಲೂಕಿನ ನಮ್ಮ ಊರಿನಲ್ಲಿ ನಾನು ಚಿಕ್ಕವನಿದ್ದಾಗ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ತೆಗೆದಾಗ ನಡುವಿನ ಕಾಳು ಚೆನ್ನಾಗಿದ್ದರೂ ಅಂಚಿನದು ತೇವ ತಗಲಿ ಕಪ್ಪಿಟ್ಟು ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ತಿನ್ನುವಂತಿರಲಿಲ್ಲ, ಅದು ಅಭಕ್ಷ್ಯ. ಅಭಕ್ಷ್ಯವಾದ ಆ ಕಾಳನ್ನು ಕಳೆಯ ಹೆಣ್ಣಾಳುಗಳಿಗೆ ಕಾಳಿನ ಕೂಲಿಯಾಗಿ ಅಳೆದು ಕೊಡುತ್ತಿದ್ದರು. ಒಮ್ಮೆ ನನ್ನ ತಾಯಿ, ನಮಗ ಬ್ಯಾಡಾದದ್ದು ಅವರ ಹೊಟ್ಟಿಗೆ ಹೆಂಗ ಆದೀತೆಂದು ಕೇಳಿದಾಗ, ಅವರಿಗೆ ರೂಢಿ ಇದೆಯೆಂದು ಹಿರಿಯರು ಉತ್ತರ ಕೊಟ್ಟರು. 1995ರಲ್ಲಿ ದಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಜನರು ಹೊಟ್ಟೆನೋವು, ಭೇದಿಗಳಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಹೋಗಿ ನೋಡಿದಾಗ, ಕೊಯ್ಲಿನ ಹೊತ್ತಿನ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳಗಳನ್ನು ತಿಂದ ಮನೆಗಳಲ್ಲಿ ಮಾತ್ರ ಬೇನೆ ಇದ್ದಿತು. ಆ ಕಾಳಿನಲ್ಲಿ ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಬಿಡುವ ಫ್ಯುಮೋನಿಸಿನ್ ಎಂಬ ವಿಷ ಸಿಕ್ಕಿತು. ಆ ವರದಿಯ ಸಾರವನ್ನು ಓದಿದ ದಿನ ನನಗೆ ತಾಯಿಯ ಮಾತು ನೆನಪಾಯಿತು. ರೊಟ್ಟಿ ಸುಟ್ಟರೂ ಆ ವಿಷ ಪೂರ್ತಿ ಹೋಗುವುದಿಲ್ಲ. ನಮ್ಮ ಹೊಟ್ಟೆಯ ಮಟ್ಟಿಗೆ ಕುಹಣವನ್ನು ಗುರುತಿಸಿ, ಕೂಲಿಯವಳ ಹೊಟ್ಟೆಯ ಮಟ್ಟಿಗೆ ಅದನ್ನು ಕಾಳೆಂದು ಕರೆದ ಆ ಅಳತೆ ಯಾವ ಗ್ರಂಥದಲ್ಲಿಯೂ ಇಲ್ಲ.

ಇಷ್ಟು ವರ್ಷ ಪುಸ್ತಕದೊಳಗೇ ಇದ್ದ ಶಿಲೀಂಧ್ರವೆಂಬ ಮಾತು ಎಲ್ಲರ ಬಾಯಿಗೆ ಬಂದದ್ದು 2021ರ ಮೇ ತಿಂಗಳಲ್ಲಿ. ಕೊರೋನಾದಿಂದ ಎದ್ದವರ, ಅದರಲ್ಲಿಯೂ ಸಕ್ಕರೆ ಬೇನೆಯಿದ್ದವರ, ಮೂಗು ಕಣ್ಣುಗಳನ್ನು ಮ್ಯುಕರ್ ಜಾತಿಯ ಬೂಷ್ಟು ಹಿಡಿಯತೊಡಗಿತು. ಆ ಎರಡು ತಿಂಗಳಲ್ಲಿ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ತಗಲಿತು. ಪತ್ರಿಕೆಗಳು ಅದನ್ನು ‘ಕಪ್ಪು ಶಿಲೀಂಧ್ರ’ವೆಂದವು. ಹೆಸರು ಸರಿಯಾದುದಲ್ಲ: ಕಪ್ಪಾಗುವುದು ರಕ್ತ ನಿಂತು ಸತ್ತ ಮಾಂಸ, ಶಿಲೀಂಧ್ರವಲ್ಲ. ಆ ಕಪ್ಪೆಂಬ ಮಾತೇ ಮುಂದೆ ಉಳ್ಳಾಗಡ್ಡಿಯ ಸಿಪ್ಪೆಯ ಮೇಲಿನ ಕಪ್ಪು ಪುಡಿಯಿಂದ ಈ ಬೇನೆ ಬರುತ್ತದೆಂಬ ಗಾಳಿಸುದ್ದಿಗೆ ದಾರಿಯಾಯಿತು. ಸಿಪ್ಪೆಯ ಮೇಲಿನದು ಬೇರೊಂದು ಜಾತಿಯ ಬೂಷ್ಟು. ನಮ್ಮವರಲ್ಲಿ ಕೆಲವರು ಕಂದಮೂಲ ನಿಷೇಧಕ್ಕೆ ಇದೊಂದು ಸಾಕ್ಷಿ ಸಿಕ್ಕಿತೆಂದು ಆ ಸುದ್ದಿಯನ್ನು ಹಂಚಿದರು. ಸುಳ್ಳಿನ ಆಸರೆ ವ್ರತಕ್ಕೆ ಬೇಕಾಗಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಈ ಬೇನೆ ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಆದರೂ ಒಂದು ಕಣ್ಣು ಕಳೆದುಕೊಂಡು ಮನೆಗೆ ಮರಳಿದ ನಮ್ಮ ಓಣಿಯ ಗೃಹಸ್ಥರೊಬ್ಬರ ಬಾಗಿಲಿಗೆ ಹಾಲಿನವನೂ ಹೋಗಲಿಲ್ಲ. ನಾನು ಹೋದದ್ದು ಹದಿನೈದು ದಿನಗಳ ಮೇಲೆ. ಹೆಸರಿನ ಹೆದರಿಕೆ ನನ್ನನ್ನೂ ಹಿಡಿದಿತ್ತು.

ಈಚೆಗೆ ಆ ಹುಡುಗನನ್ನು ಮತ್ತೆ ಕಂಡಾಗ, ಅಂದು ನಾನು ಕೊಟ್ಟ ಉತ್ತರ ಸರಿಯಲ್ಲವೆಂದು ಹೇಳಿ, ಸಸ್ಯಕ್ಕೂ ವನಸ್ಪತಿಕಾಯಕ್ಕೂ ಇರುವ ಅರ್ಥಭೇದವನ್ನು ಮೇಲೆ ಬರೆದಂತೆ ವಿವರಿಸಿದೆನು. ಅವನು ಕೇಳಿಕೊಂಡನು, ಒಪ್ಪಿದನೆಂದೇ ತೋರಿತು. ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರ ಕಾಕಾ, ವಂಶದಾಗ ಅದು ಪ್ರಾಣಿಗೆ ಹತ್ತಿರ ಅಂದ್ರ, ಅದಕ್ಕ ಸ್ಪರ್ಶ ಒಂದೇ ಅದ ಅಂತ ಹೆಂಗ ಗೊತ್ತಾತ್ರಿ?” ಎಂದನು. ಕೆಲವು ಬೂಷ್ಟುಗಳು ಬೆಳಕಿನ ಕಡೆಗೆ ತಲೆ ತಿರುಗಿಸುತ್ತವೆಂದು ನಾನೇ ಓದಿದ್ದೆನು. ಈ ಸಲ ಮುಂದಿನ ಗಾಥೆಗೆ ಹೋಗಲಿಲ್ಲ. ಇಬ್ಬರೂ ಕೂಡಿ ಓದೋಣವೆಂದು ಹೇಳಿ ಜೀವಕಾಂಡವನ್ನೂ ಅವನ ಶಾಲೆಯ ಪುಸ್ತಕವನ್ನೂ ಒಂದೇ ವ್ಯಾಸಪೀಠದ ಮೇಲೆ ಇಟ್ಟೆನು.